ನಿಮಗಿದು ಗೊತ್ತೇ? ಜಗಳೂರಿನ ಬಿಸಿಲು, ಚನ್ನಗಿರಿಯ ಅಡಿಕೆ, ಡಿಎನ್‌ಎ ರಿಪೇರಿ

● ಈ ಸಾಲು ಓದಿ ಮುಗಿಸುವಷ್ಟರಲ್ಲಿ ನಿಮ್ಮ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಒಂದೆರಡು ಕಡೆ ಕೆಟ್ಟಿರುತ್ತದೆ. ದಿನದ ಲೆಕ್ಕ ಹಾಕಿದರೆ ಕೋಶವೊಂದಕ್ಕೆ ಹತ್ತಾರು ಸಾವಿರ ಗಾಯ. ಹೊನ್ನಾಳಿಯ ಹೊಳೆದಂಡೆಯ ನೆರಳಲ್ಲಿ ಬೀಡಿ, ಎಲೆಯಡಿಕೆ ಯಾವುದೂ ಇಲ್ಲದೆ ಸುಮ್ಮನೆ ಕೂತವರಿಗೂ ಇದು ತಪ್ಪಿದ್ದಲ್ಲ. ಅಷ್ಟಾದರೂ ನಾವು ಎಪ್ಪತ್ತು-ಎಂಬತ್ತು ವರ್ಷ ಬದುಕುತ್ತೇವಲ್ಲ, ವಿಶೇಷ ಇರುವುದು ಅಲ್ಲಿ.

● ಡಿಎನ್‌ಎ ಬರವಣಿಗೆಯಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ತಾಯಿಯಿಂದ ಬಂದ ಪ್ರತಿಯಲ್ಲಿ ಸುಮಾರು 320 ಕೋಟಿ, ತಂದೆಯಿಂದ ಬಂದದ್ದರಲ್ಲಿ ಹೆಚ್ಚುಕಡಿಮೆ ಅಷ್ಟೇ. ಒಂದು ಕೋಶದ್ದನ್ನು ಎಳೆದು ನೇರ ಮಾಡಿದರೆ 2 ಮೀಟರ್ ಉದ್ದ.

● ಕೆಂಪು ರಕ್ತಕಣಕ್ಕೆ ಮಾತ್ರ ಈ ತಲೆನೋವಿಲ್ಲ. ಬಲಿತ ಕೆಂಪು ಕಣದಲ್ಲಿ ಡಿಎನ್‌ಎಯೇ ಇರುವುದಿಲ್ಲ. ಹೊಸ ಪ್ರೋಟೀನು ಮಾಡಿಕೊಳ್ಳಲೂ ಬರದು, ಸುಮಾರು 120 ದಿನಕ್ಕೆ ಅದರ ಆಯಸ್ಸು ಮುಗಿಯಿತು.

● ಡಿಎನ್‌ಎಯ ಮೊದಲ ಶತ್ರು ಯಾವುದೆಂದು ಕೇಳಿದರೆ ಬಹಳ ಮಂದಿ ಮೊಬೈಲ್ ಟವರ್ ತೋರಿಸುತ್ತಾರೆ. ನಿಜವಾದ ಉತ್ತರ ನೀರು. ಡಿಎನ್‌ಎ ಇರುವುದೇ ನೀರಿನಲ್ಲಿ, ಆ ನೀರೇ ಅದರಿಂದ ಎ, ಜಿ ಅಕ್ಷರಗಳನ್ನು ಉದುರಿಸುತ್ತದೆ. ಕೋಶವೊಂದರಲ್ಲಿ ದಿನಕ್ಕೆ ಸುಮಾರು 10,000. ‘ಸಿ’ ಅಕ್ಷರ, ಡಿಎನ್‌ಎಯಲ್ಲಿ ಇರಬಾರದ ‘ಯು’ ಆಗಿಬಿಡುವುದು ದಿನಕ್ಕೆ ನೂರಕ್ಕೂ ಹೆಚ್ಚು ಸಲ. ಎರಡನೇ ಶತ್ರು ನಾವು ಎಳೆದುಕೊಳ್ಳುವ ಆಮ್ಲಜನಕ. ಇವೆರಡನ್ನೂ ಬಿಟ್ಟು ಬದುಕುವ ಹಾಗಿಲ್ಲ.

ಸ್ವೀಡನ್ನಿನ ತೋಮಸ್ ಲಿಂಡಾಲ್ 1970ರ ದಶಕದ ಆರಂಭದಲ್ಲಿ ಈ ಲೆಕ್ಕ ತೆಗೆದಾಗ, ಡಿಎನ್‌ಎ ಎಂದರೆ ಕಲ್ಲಿನಷ್ಟು ಗಟ್ಟಿ ಎಂದು ನಂಬಿದವರೇ ಹೆಚ್ಚಿದ್ದರು. ಇಷ್ಟು ಬೇಗ ಕೆಡುವುದೇ ಆದರೆ ಅದನ್ನು ಯಾರೋ ಸರಿಮಾಡುತ್ತಿರಲೇಬೇಕು ಎಂದು ಅವರು ಹುಡುಕಿದರು. 1974ರಲ್ಲಿ ತಪ್ಪು ‘ಯು’ವನ್ನು ಹುಡುಕಿ ಕತ್ತರಿಸಿ ತೆಗೆಯುವ ಕಿಣ್ವ ಸಿಕ್ಕಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯ ಅವರ ತಂಡ ವರ್ಷಾನುಗಟ್ಟಲೆ ಬೆನ್ನುಹತ್ತಿದ್ದೂ ಇದೇ ಕಿಣ್ವವನ್ನು.

● ಕೋಶ ಎರಡಾಗುವ ಮುನ್ನ ಡಿಎನ್‌ಎ ನಕಲಾಗಬೇಕು. ನಕಲು ಮಾಡುವ ಕಿಣ್ವ ಲಕ್ಷ ಅಕ್ಷರಕ್ಕೊಂದು ತಪ್ಪು ಬರೆಯುತ್ತದೆ, ಬರೆಯುತ್ತಲೇ ಬಹುಪಾಲು ತಿದ್ದಿಕೊಳ್ಳುತ್ತದೆ. ಉಳಿದದ್ದನ್ನು ಹಿಂದಿನಿಂದ ಬರುವ ಇನ್ನೊಂದು ತಂಡ ತಿದ್ದುತ್ತದೆ. ಕೊನೆಗೆ ನೂರು ಕೋಟಿ ಅಕ್ಷರಕ್ಕೆ ಒಂದು ತಪ್ಪು ಉಳಿದೀತು. ಪತ್ರಿಕೆಯಲ್ಲಿ ಪ್ರೂಫ್ ನೋಡುವ ನಮ್ಮಂಥವರು ಇದನ್ನು ಓದದಿರುವುದೇ ಒಳ್ಳೆಯದು.

● ಈಗ ಜಗಳೂರಿನ ಬಿಸಿಲಿಗೆ ಬನ್ನಿ. ಬಿಸಿಲಿನ ಅತಿನೇರಳೆ ಕಿರಣ ಚರ್ಮಕ್ಕೆ ತಾಗಿದಾಗ ಡಿಎನ್‌ಎಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ‘ಟಿ’ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಲ್ಲಿ ಎಳೆ ಸೊಟ್ಟಗಾಗುತ್ತದೆ, ನಕಲು ಮಾಡುವ ಕಿಣ್ವ ಬಂದು ಆ ಜಾಗದಲ್ಲಿ ಮುಗ್ಗರಿಸುತ್ತದೆ. ಶೇಂಗಾ ಹೊಲದಲ್ಲಿ ಬೆಳಗಿಂದ ಸಂಜೆವರೆಗೆ ಕಳೆ ತೆಗೆಯುವವರ ಮುಂಗೈಯಲ್ಲಿ ಇಂಥ ಗಂಟು ಕೋಶವೊಂದಕ್ಕೆ ಹತ್ತಾರು ಸಾವಿರ.

ಅವರ ಬಳೆ ಸ್ವಲ್ಪ ಮೇಲೆ ಸರಿಸಿ ನೋಡಿ, ಕೆಳಗಿನ ಪಟ್ಟಿ ಬೆಳ್ಳಗಿರುತ್ತದೆ. ಉಳಿದ ಕೈ ಕಪ್ಪಾಗಿರುವುದು ಬಿಸಿಲು ಸುಟ್ಟದ್ದರಿಂದ ಎಂದುಕೊಳ್ಳುತ್ತೇವೆ. ಕಪ್ಪು ಮಾಡಿದ್ದು ಕೋಶವೇ. ಡಿಎನ್‌ಎ ಕೆಟ್ಟದ್ದನ್ನು ಚರ್ಮದ ಕೋಶದಲ್ಲಿರುವ ಪಿ53 ಎಂಬ ಪ್ರೋಟೀನು ಕಂಡುಹಿಡಿದು, ಪಕ್ಕದ ಬಣ್ಣದ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಅವು ಮೆಲನಿನ್ ಎಂಬ ಕಪ್ಪು ಕಣ ಮಾಡಿ ಕಳಿಸುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಾಣುವಂತೆ ಆ ಕಣಗಳು ಎಲ್ಲೆಂದರಲ್ಲಿ ಹರಡುವುದಿಲ್ಲ, ಡಿಎನ್‌ಎ ಇರುವ ಕೋಶಕೇಂದ್ರದ ಮೇಲೆ, ಬಿಸಿಲು ಬೀಳುವ ಬದಿಗೆ, ಕೊಡೆ ಹಿಡಿದ ಹಾಗೆ ಕವಿಯುತ್ತವೆ. ಕಪ್ಪಾದ ಕೈಗೆ ಬೆಳ್ಳಗಾಗುವ ಕ್ರೀಮು ತಿಕ್ಕುವ ಮುನ್ನ ಇದನ್ನು ನೆನೆದರೆ ಒಳ್ಳೆಯದು.

● ಬಿಸಿಲಿಗೆ ಸುಟ್ಟ ಚರ್ಮ ಮೂರ್ನಾಲ್ಕು ದಿನಕ್ಕೆ ಸಿಪ್ಪೆ ಏಳುತ್ತದಲ್ಲ, ಅದಕ್ಕೂ ಕಾರಣ ಅದೇ ಪಿ53. ರಿಪೇರಿಗೆ ಮೀರಿ ಕೆಟ್ಟ ಕೋಶಗಳಿಗೆ ಸಾಯಲು ಅದು ಆಜ್ಞೆ ಕೊಡುತ್ತದೆ. ಕೆಟ್ಟ ಬರಹ ಇಟ್ಟುಕೊಂಡು ಎರಡಾಗುವ ಬದಲು ಸತ್ತರೇ ಮೈಗೆ ಕ್ಷೇಮ.

● ನೆರಳಿಗೆ ಬಂದ ಕೂಡಲೇ ಬಿಸಿಲಿನ ಹಾನಿ ನಿಲ್ಲುವುದಿಲ್ಲ. ಮೆಲನಿನ್ ಇರುವ ಕೋಶಗಳಲ್ಲಿ ಕತ್ತಲಲ್ಲೂ ಮೂರು ಗಂಟೆಗೂ ಹೆಚ್ಚು ಹೊತ್ತು ‘ಟಿ’ಗಳು ಅಂಟಿಕೊಳ್ಳುತ್ತಲೇ ಇರುತ್ತವೆ ಎಂದು 2015ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ತೋರಿಸಿದರು. ಕಾಯುವ ಮೆಲನಿನ್ನೇ ಹೀಗೆ ಒಂದಿಷ್ಟು ಕೈಕೊಡುತ್ತದೆ.

● ಸೂಳೆಕೆರೆಯ ಮೀನಿಗೆ, ಅದರ ದಂಡೆಯ ಕಪ್ಪೆಗೆ, ಏರಿ ಮೇಲಿನ ಹುಲ್ಲಿಗೆ ಇರುವ ಒಂದು ಸೌಕರ್ಯ ನಮಗಿಲ್ಲ. ಅಂಟಿಕೊಂಡ ಎರಡು ‘ಟಿ’ಗಳನ್ನು ಒಂದೇ ಏಟಿಗೆ ಬಿಡಿಸುವ ಫೋಟೋಲೈಯೇಸ್ ಎಂಬ ಕಿಣ್ವ ಅವಕ್ಕಿದೆ. ಅದು ನಡೆಯುವುದು ಬೆಳಕಿನ ಬಲದಿಂದ: ಬಿಸಿಲು ಮಾಡಿದ ಗಾಯಕ್ಕೆ ಬಿಸಿಲೇ ಮದ್ದು. ಗರ್ಭದಲ್ಲಿ ಮಾಸು ಇರುವ ನಮ್ಮಂಥ ಸಸ್ತನಿಗಳ ವಂಶ ಯಾವುದೋ ಕಾಲದಲ್ಲಿ ಇದನ್ನು ಕಳೆದುಕೊಂಡಿತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅಭಯಾರಣ್ಯದಲ್ಲಿ ಓಡಾಡುವ ಕೊಂಡುಕುರಿಗೂ ಇಲ್ಲ, ಅದನ್ನು ಕಾಯುವ ಗಾರ್ಡಿಗೂ ಇಲ್ಲ. ಆಸ್ಟ್ರೇಲಿಯಾದ ಚೀಲಹೊಟ್ಟೆಯ ಪ್ರಾಣಿಗಳಿಗೆ ಇದೆ!

● ಈ ಕಿಣ್ವದ ಜೀನನ್ನು ಬೇರ್ಪಡಿಸಿದವರು ಅಜೀಜ್ ಸಂಜಾರ್. ತುರ್ಕಿಯ ಸವೂರ್ ಎಂಬ ಊರಿನವರು, ನಮ್ಮ ನ್ಯಾಮತಿಯ ಹಾಗೆ ಸಣ್ಣ ಊರು. ಎಂಟು ಮಕ್ಕಳಲ್ಲಿ ಏಳನೆಯವರು, ತಂದೆತಾಯಿಗೆ ಓದುಬರಹ ಇರಲಿಲ್ಲ. ಊರಕಡೆ ಡಾಕ್ಟರಾಗಿ ಕೆಲಸ ಮಾಡಿ ಆಮೇಲೆ ಅಮೆರಿಕಕ್ಕೆ ಹೋದರು. 2015ರ ರಸಾಯನಶಾಸ್ತ್ರದ ನೊಬೆಲ್ ಲಿಂಡಾಲ್, ಪಾಲ್ ಮೋಡ್ರಿಚ್, ಸಂಜಾರ್ ಮೂವರಿಗೂ ಬಂತು, ಡಿಎನ್‌ಎ ರಿಪೇರಿಯನ್ನು ಬಿಡಿಸಿಟ್ಟಿದ್ದಕ್ಕೆ.

● ಫೋಟೋಲೈಯೇಸ್ ಇಲ್ಲದ ನಾವು ಏನು ಮಾಡುತ್ತೇವೆ? ಸುತ್ತು ದಾರಿ. ಗಂಟು ಬಿದ್ದ ಎಳೆಯಲ್ಲಿ ಮೂವತ್ತರ ಹತ್ತಿರ ಅಕ್ಷರಗಳ ತುಂಡನ್ನೇ ಕತ್ತರಿಸಿ ತೆಗೆದು, ಎದುರಿನ ಎಳೆ ನೋಡಿಕೊಂಡು ಮತ್ತೆ ಬರೆಯುತ್ತೇವೆ. ಎರಡು ಅಕ್ಷರಕ್ಕೆ ಮೂವತ್ತರ ಬೆಲೆ. ಕೆಲವು ಬಗೆಯ ಗಂಟು ಕೆಲ ಗಂಟೆಗಳಲ್ಲಿ ಹೋಗುತ್ತದೆ, ಅಂಟಿಕೊಂಡ ‘ಟಿ’ಗಳಂಥವು ಪೂರ್ತಿ ಹೋಗಲು ಒಂದು ದಿನ ದಾಟುತ್ತದೆ. ಅಷ್ಟರಲ್ಲಿ ಮರುದಿನದ ಬಿಸಿಲು ಏರಿರುತ್ತದೆ.

● ಈ ಕತ್ತರಿಸುವ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿದ್ದರೆ ಬರುವ ಕಾಯಿಲೆ ಜೆರೋಡರ್ಮಾ ಪಿಗ್ಮೆಂಟೋಸಮ್. ಅಂಥ ಮಗುವಿಗೆ ಅಂಗಳದ ಬಿಸಿಲೂ ಆಗಿಬರುವುದಿಲ್ಲ. ಎಳೆಯ ವಯಸ್ಸಿನಲ್ಲೇ ಮುಖದ ತುಂಬ ಮಚ್ಚೆ, ಆಮೇಲೆ ಚರ್ಮದ ಕ್ಯಾನ್ಸರ್. ಕಾರಣ ರಿಪೇರಿಯ ಕೊರತೆ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ಕಂಡುಹಿಡಿದರು.

ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಾಗ ಮಾತ್ರ ಈ ಕಾಯಿಲೆ. ಮೂಳೆಯ ಮಜ್ಜೆಯನ್ನು ಬತ್ತಿಸುವ ಫ್ಯಾಂಕೋನಿ ಅನೀಮಿಯಾ, ಅದೂ ಡಿಎನ್‌ಎ ರಿಪೇರಿಯ ಲೋಪವೇ, ಬಹುಪಾಲು ಬರುವುದೂ ಹೀಗೇ. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ ನಮ್ಮ ಕಡೆ ಇದು ದೂರದ ವಿಷಯವಲ್ಲ. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಸರಾಸರಿ ಎಂಟು ಜೀನುಗಳಲ್ಲಿ ಒಂದರ ಎರಡೂ ಪ್ರತಿ ಒಂದೇ ಮೂಲದವು, ಅತ್ತೆಯ ಮಗಳು-ಮಾವನ ಮಗನ ಮದುವೆಯಲ್ಲಿ ಹದಿನಾರರಲ್ಲಿ ಒಂದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ನವಜಾತ ಶಿಶುಗಳ ದೊಡ್ಡ ಸಮೀಕ್ಷೆಯಲ್ಲಿ ಮೂರರಲ್ಲಿ ಸುಮಾರು ಒಂದು ಮಗುವಿನ ಅಪ್ಪ-ಅಮ್ಮ ಮೊದಲೇ ಬಂಧುಗಳಾಗಿದ್ದರು. ಆಸ್ತಿ ಹೊರಗೆ ಹೋಗಬಾರದೆಂಬ ಲೆಕ್ಕಾಚಾರದಲ್ಲಿ ಈ ಲೆಕ್ಕವೂ ಸೇರಲಿ.

● ಡಿಎನ್‌ಎ ತುಂಡಾದರೆ ಕೋಶಕ್ಕೆ ಅದು ಗೊತ್ತಾಗುತ್ತದೆ ಎಂಬ ಸುಳಿವು ಮೊದಮೊದಲು ಸಿಕ್ಕಿದ್ದು ಎಲ್ಲಿ ಗೊತ್ತೇ? ಮೆಕ್ಕೆಜೋಳದ ಹೊಲದಲ್ಲಿ. ಜಗಳೂರಿನ ಕಡೆ ಮಳೆ ನಂಬಿ ಬಿತ್ತುವ ಅದೇ ಮೆಕ್ಕೆಜೋಳ. ಅಮೆರಿಕದ ಬಾರ್ಬರಾ ಮ್ಯಾಕ್ಲಿಂಟಾಕ್ 1930ರ ದಶಕದಲ್ಲಿ ಎಕ್ಸ್-ರೇ ಬಿಟ್ಟ ಮೆಕ್ಕೆಜೋಳದ ಗಿಡಗಳ ವರ್ಣತಂತುಗಳನ್ನು ನೋಡುತ್ತಾ, ತುಂಡಾದ ತುದಿಗಳು ಒಂದನ್ನೊಂದು ಹುಡುಕಿಕೊಂಡು ಹೋಗಿ ಬೆಸೆಯುವುದನ್ನು ಕಂಡರು. ಬೆಸೆದದ್ದು ಕೋಶ ಎರಡಾಗುವಾಗ ಎಳೆದಾಡಿ ಮತ್ತೆ ತುಂಡು, ಮತ್ತೆ ಬೆಸುಗೆ. ಅದರ ಗುರುತು ಕಾಳಿನ ಮೇಲೇ ಬೀಳುತ್ತಿತ್ತು: ಒಂದೇ ಕಾಳಿನಲ್ಲಿ ಬಣ್ಣ ಇರುವ ಚುಕ್ಕೆ, ಇಲ್ಲದ ಚುಕ್ಕೆ, ಗೆರೆ. ತೆನೆ ಸುಲಿದು ಕೈಯಲ್ಲಿ ಹಿಡಿದು ಆಕೆ ಒಳಗಿನ ಮುರಿತವನ್ನು ಓದುತ್ತಿದ್ದರು. ಕೆಲವು ಸಂದರ್ಭಗಳಲ್ಲಿ ತುಂಡಾದ ತುದಿ ವಾಸಿಯಾಗುವುದೂ ಕಂಡಿತು. ಜಿಗಿಯುವ ಜೀನುಗಳನ್ನು ಕಂಡದ್ದಕ್ಕೆ 1983ರಲ್ಲಿ ಆಕೆಗೊಬ್ಬರಿಗೇ ನೊಬೆಲ್ ಬಂತು, 81ನೇ ವಯಸ್ಸಿಗೆ.

● ರಿಪೇರಿ ತಪ್ಪಾದರೆ ಯಾವಾಗಲೂ ನಷ್ಟವೇ? ಶೇಂಗಾ ಬೆಳೆಗಾರರನ್ನು ಕೇಳಿ. ಮುಂಬೈನ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಶೇಂಗಾ ಬೀಜಕ್ಕೆ ಎಕ್ಸ್-ರೇ ಹಾಯಿಸಿ ಡಿಎನ್‌ಎ ಮುರಿದರು. ಬೀಜ ಅದನ್ನು ಬೆಸೆದುಕೊಳ್ಳುವಾಗ ಅಲ್ಲಲ್ಲಿ ಬರಹ ಬದಲಾಯಿತು. ಬಹುಪಾಲು ಕೆಲಸಕ್ಕೆ ಬಾರದ ಗಿಡ, ಕೆಲವು ಮಾತ್ರ ದಪ್ಪ ಕಾಳಿನವು. 1973ರಲ್ಲಿ ಟಿಜಿ-1 ಬಂತು. 1991ರಲ್ಲಿ ಬಿಡುಗಡೆಯಾದ ಟಿಎಜಿ-24 ಇದೇ ವಂಶದ ತಳಿ. ಇದಕ್ಕೆಲ್ಲ ಸಾವಿರಾರು ಗಿಡ ಕಿತ್ತೆಸೆಯುವ ತಾಳ್ಮೆ ಬೇಕು.

● ಹೊನ್ನಾಳಿ ಕಡೆಯ ಗದ್ದೆ ರೈತರು ಸಸಿ ಮಡಿಗೆ ಚೆಲ್ಲುವ ಮುನ್ನ ಭತ್ತವನ್ನು ಒಂದು ದಿನ ನೆನೆಸಿ, ಗೋಣಿಚೀಲದಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ. ಆ ಹೊತ್ತಿನಲ್ಲಿ ಕಾಳಿನೊಳಗೆ ಏನಾಗುತ್ತದೆ? ಒಣ ಕಾಳಿನ ಡಿಎನ್‌ಎ ತಿಂಗಳುಗಟ್ಟಲೆ ಕೆಡುತ್ತಾ ಬಂದಿರುತ್ತದೆ, ನೀರಿಲ್ಲದೆ ರಿಪೇರಿ ಕೆಲಸಗಾರರು ಅಲುಗಾಡಲಾರರು. ನೀರು ಹೀರಿದ ಮೊದಲ ಗಂಟೆಗಳಲ್ಲೇ ರಿಪೇರಿ ಶುರು, ಹೊಸ ಕೋಶ ಕಟ್ಟುವುದು ಆಮೇಲೆ. ಸಸ್ಯಗಳಲ್ಲೂ ನಮ್ಮಲ್ಲೂ ಇರುವ ಎಟಿಎಂ ಎಂಬ ಪ್ರೋಟೀನು (ದುಡ್ಡಿನ ಮಿಷನ್ನು ಬೇರೆ) ಹಾನಿ ಹೆಚ್ಚಿದ್ದರೆ ಮೊಳಕೆಯನ್ನು ತಡೆದು ಹಿಡಿಯುತ್ತದೆ. ಹಳೇ ಬೀಜ ತಡವಾಗಿ, ಹೆಚ್ಚುಕಡಿಮೆಯಾಗಿ ಹುಟ್ಟುವುದಕ್ಕೆ ಒಂದು ಕಾರಣ ಇದು. ತೇವದ ಮೂಲೆಯಲ್ಲಿ, ತಗಡಿನ ಕಾವಿನಲ್ಲಿ ಬೀಜದ ಚೀಲ ಇಡಬೇಡಿ ಎಂದು ಹಿರಿಯರು ಬೈಯುವುದು ಸುಮ್ಮನಲ್ಲ.

● ಬರಗಾಲ ತಡೆಯಲು ಕಲಿತ ಜೀವಿಗೆ ವಿಕಿರಣವೂ ಸಲೀಸು. 1956ರಲ್ಲಿ ಅಮೆರಿಕದ ಆರೆಗಾನಿನಲ್ಲಿ ಡಬ್ಬಿಯ ಮಾಂಸವನ್ನು ವಿಕಿರಣದಿಂದ ಶುದ್ಧ ಮಾಡಲು ಹೊರಟಾಗ ಒಂದು ಬ್ಯಾಕ್ಟೀರಿಯಾ ಸಾಯಲೇ ಇಲ್ಲ. ಡೈನೋಕಾಕಸ್ ರೇಡಿಯೋಡ್ಯೂರನ್ಸ್. ಮನುಷ್ಯನಿಗೆ 5 ಗ್ರೇ ವಿಕಿರಣ ಮೈಪೂರ್ತಿ ತಾಗಿದರೆ ಜೀವಕ್ಕೇ ಅಪಾಯ, ಅದು 5,000 ತಡೆಯುತ್ತದೆ. ನೂರಾರು ತುಂಡಾದ ಡಿಎನ್‌ಎಯನ್ನು ಕೆಲವೇ ಗಂಟೆಗಳಲ್ಲಿ ಜೋಡಿಸಿಕೊಳ್ಳುತ್ತದೆ. ಒಣಗಿದರೂ ಡಿಎನ್‌ಎ ತುಂಡಾಗುತ್ತದೆ. ಒಣಹವೆ ತಾಳಲು ಬೆಳೆಸಿಕೊಂಡ ವಿದ್ಯೆಯೇ ವಿಕಿರಣಕ್ಕೂ ಆಯಿತು ಎಂಬುದು ವಿಜ್ಞಾನಿಗಳ ವಾದ.

● ಎರಡೂ ಎಳೆ ಒಟ್ಟಿಗೆ ತುಂಡಾಗುವುದೇ ಅತಿ ದೊಡ್ಡ ಗಾಯ. ನಿಮಿಷಗಳೊಳಗೆ ಮುರಿದ ಜಾಗದ ಸುತ್ತ ಸುಮಾರು 20 ಲಕ್ಷ ಅಕ್ಷರಗಳುದ್ದಕ್ಕೆ ಗುರುತು ಬೀಳುತ್ತದೆ. ಆಮೇಲೆ ಎರಡು ದಾರಿ: ಸಿಕ್ಕ ತುದಿಗಳನ್ನು ಹಾಗೇ ಬೆಸೆಯುವುದು, ಬೇಗ ಆದರೂ ಅಕ್ಷರ ಬಿಟ್ಟುಹೋಗಬಹುದು, ಇಲ್ಲವೇ ಅದೇ ಬರಹದ ಇನ್ನೊಂದು ಪ್ರತಿ ಹುಡುಕಿ ನೋಡಿ ಬರೆಯುವುದು, ನಿಧಾನ ಆದರೂ ಅಚ್ಚುಕಟ್ಟು. ಎರಡನೇ ದಾರಿಯ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಮುನಿಯಪ್ಪ ಅವರು ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಸ್ತನ ಕ್ಯಾನ್ಸರಿನ ಸುದ್ದಿಯಲ್ಲಿ ಕೇಳುವ ಬಿಆರ್‌ಸಿಎ ಜೀನುಗಳ ಕೆಲಸ ಇರುವುದೂ ಈ ಎರಡನೇ ದಾರಿಯಲ್ಲೇ. ಮೊದಲ ದಾರಿಗೆ ಅಡ್ಡಹಾಕಿ ಕ್ಯಾನ್ಸರ್ ಕೋಶವನ್ನು ಕೊಲ್ಲಬಹುದೇ ಎಂದು ಹುಡುಕುತ್ತ, ಅದೇ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡ ಎಸ್‌ಸಿಆರ್7 ಎಂಬ ಅಣುವನ್ನು 2012ರಲ್ಲಿ ಪ್ರಕಟಿಸಿತು.

● ನಮ್ಮ ರಕ್ಷಣಾ ಕೋಶಗಳು ಬೇಕೆಂದೇ ತಮ್ಮ ಡಿಎನ್‌ಎ ಕತ್ತರಿಸಿ ಬೇರೆ ಬೇರೆ ರೀತಿ ಬೆಸೆಯುತ್ತವೆ. ಲೆಕ್ಕವಿಲ್ಲದಷ್ಟು ಬಗೆಯ ಪ್ರತಿಕಾಯಗಳು ಹುಟ್ಟುವುದು ಹಾಗೆ.

● 2023ರಲ್ಲಿ ಚನ್ನಗಿರಿ, ನ್ಯಾಮತಿ ಕಡೆ ನುಗ್ಗಿದ ಕಾಡಾನೆಯ ಗಲಾಟೆ ನೆನಪಿದೆಯಲ್ಲ? ಅಷ್ಟು ದೊಡ್ಡ ಮೈ, ನಮಗಿಂತ ಎಷ್ಟೋ ಪಟ್ಟು ಹೆಚ್ಚು ಕೋಶ, ಆಯಸ್ಸೂ ಕಡಿಮೆಯಲ್ಲ. ಲೆಕ್ಕಪ್ರಕಾರ ಆನೆಗೆ ಕ್ಯಾನ್ಸರ್ ನಮಗಿಂತ ಹೆಚ್ಚು ಬರಬೇಕು, ಬರುವುದು ಕಡಿಮೆ. ಪಿ53 ಜೀನು ನಮಗೆ ತಂದೆಯದೊಂದು ತಾಯಿಯದೊಂದು. ಆಫ್ರಿಕಾದ ಆನೆಯಲ್ಲಿ ಅದಕ್ಕೆ ಸುಮಾರು 20 ನಕಲು, ಏಷ್ಯಾದ ಆನೆಗೂ ಹೆಚ್ಚುವರಿ ಇವೆ. ಡಿಎನ್‌ಎ ಕೆಟ್ಟರೆ ಆನೆಯ ಕೋಶ ರಿಪೇರಿಯ ಗೊಡವೆಗೆ ಹೋಗದೆ ಬೇಗ ಸಾಯುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ಪಿ53 ಕೆಟ್ಟಿರುತ್ತದೆ.

● ಇನ್ನು ಚನ್ನಗಿರಿಯ ಅಡಿಕೆ. ಅಡಿಕೆ ಮಾರಾಟದ ಸಹಕಾರ ಸಂಘ ತುಮ್ಕೋಸ್‌ನ ಅಂಗಳದ ರಾಶಿ ದರ ನೋಡಿಕೊಂಡೇ ದಿನ ಶುರುಮಾಡುವ ಊರಲ್ಲಿ ಇದನ್ನು ಬರೆಯುವುದು ಕಷ್ಟ, ಬರೆಯದಿರುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು, ತಂಬಾಕು ಸೇರಿಸದೆ ಅಗಿಯುವುದನ್ನೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಅವರ ಸಿಟ್ಟಿಗೆ ಕಾರಣವೂ ಇದೆ: ತೋಟ ಬಿಟ್ಟರೆ ಬೇರೇನಿದೆ? ತಾಂಬೂಲದ ತಟ್ಟೆಯಲ್ಲಿಟ್ಟ ಅಡಿಕೆ ಯಾರ ಡಿಎನ್‌ಎಯನ್ನೂ ಮುಟ್ಟುವುದಿಲ್ಲ ಎಂಬುದೂ ನಿಜ. ಮಾತು ಇರುವುದು ಕೆನ್ನೆಯ ಸಂದಿಯಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳುವುದರ ಬಗ್ಗೆ.

ಅಡಿಕೆ ಬೇಯಿಸಿದವರಿಗೆ ಚೊಗರು ಗೊತ್ತು. ಹಂಡೆಯಲ್ಲಿ ಹಸಿ ಅಡಿಕೆ ಕುದ್ದು ಕುದ್ದು ಇಳಿದ ಆ ಗಟ್ಟಿ ಕೆಂಪು ರಸದಲ್ಲಿರುವುದು ಪಾಲಿಫಿನಾಲುಗಳು. ಬಾಯಲ್ಲಿ ಇವಕ್ಕೆ ಸುಣ್ಣ ಸೇರಿದರೆ ಕ್ಷಾರ ಏರಿ, ಇವು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಕೆಂಪಾಗುತ್ತವೆ. ಎಲೆಯಡಿಕೆಗೆ ಬಾಯಿ ಕೆಂಪಾದದ್ದು ನೋಡಿ ‘ಚೆನ್ನಾಗಿ ಕೆಂಪಾಯ್ತು’ ಅನ್ನುತ್ತೇವಲ್ಲ, ಅದೇ ಹೊತ್ತಿಗೆ ಹೈಡ್ರೋಜನ್ ಪೆರಾಕ್ಸೈಡಿನಂಥ ಉಗ್ರ ಅಣುಗಳೂ ಹುಟ್ಟುತ್ತಿರುತ್ತವೆ. ಅವು ‘ಜಿ’ ಅಕ್ಷರವನ್ನು ಕೆಡಿಸುತ್ತವೆ. ಅಡಿಕೆಯ ಅರೆಕೊಲಿನ್ ಜೊಲ್ಲಿನಲ್ಲಿ ನೈಟ್ರೋಸಮೀನುಗಳಾಗಿ ಬದಲಾಗಿ ಡಿಎನ್‌ಎಗೆ ಅಂಟುತ್ತದೆ. ಗಾಯ ಮಾಡಿ ಸುಮ್ಮನಿದ್ದರೆ ಕೋಶ ಹೇಗೋ ಸುಧಾರಿಸಿಕೊಳ್ಳುತ್ತಿತ್ತು. ಅರೆಕೊಲಿನ್ ಪಿ53 ಅನ್ನು ತಗ್ಗಿಸಿ ರಿಪೇರಿಗೇ ಅಡ್ಡಿ ಮಾಡುವುದು ಪ್ರಯೋಗಾಲಯದ ಕೋಶಗಳಲ್ಲಿ ಕಂಡಿದೆ.

ಇದು ಕಣ್ಣಿಗೂ ಕಾಣುತ್ತದೆ. ಜಗಿಯುವವರ ಕೆನ್ನೆಯ ಒಳಗನ್ನು ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಕೆಲವು ಕೋಶಗಳಲ್ಲಿ ದೊಡ್ಡ ಕೋಶಕೇಂದ್ರದ ಪಕ್ಕ ಪುಟ್ಟದೊಂದು ಚುಕ್ಕೆ ಇರುತ್ತದೆ. ತುಂಡಾಗಿ ಹೊರಗೆ ಉಳಿದುಹೋದ ವರ್ಣತಂತು ಅದು. ಜಗಿಯದವರಲ್ಲಿ ಈ ಚುಕ್ಕೆಗಳು ತೀರ ಕಡಿಮೆ. ಕೆನ್ನೆಯ ಒಳಪದರ ಎರಡು ಮೂರು ವಾರಕ್ಕೊಮ್ಮೆ ಹೊಸದಾಗುವುದರಿಂದ, ಬಿಟ್ಟರೆ ರಿಪೇರಿಗೆ ಅವಕಾಶವಿದೆ.

● ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಈಗ ಪಾನ್ ಮಸಾಲಾ ಒಂದು ಸ್ಯಾಚೆ, ತಂಬಾಕು ಇನ್ನೊಂದು ಸ್ಯಾಚೆ. ಬೆರೆಸುವ ಕೆಲಸ ಗಿರಾಕಿಯದು. 2022ರಲ್ಲಿ ಜಗತ್ತಿನ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರುಗಳಲ್ಲಿ 1.2 ಲಕ್ಷಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ 83,000ದಷ್ಟು ಭಾರತದವು.

● ಬಾಯಿ ಕ್ಯಾನ್ಸರಿಗೆ ‘ಕರೆಂಟ್ ಕೊಡೋದು’ ಎಂದು ನಮ್ಮ ಕಡೆ ಕರೆಯುವ ರೇಡಿಯೋಥೆರಪಿಯೂ ನಡೆಯುವುದು ಡಿಎನ್‌ಎ ಮುರಿತ-ರಿಪೇರಿಯ ತತ್ವದ ಮೇಲೆಯೇ. ಗಡ್ಡೆಯ ಡಿಎನ್‌ಎ ಮುರಿಯುವುದೇ ಅದರ ಕೆಲಸ. ಒಟ್ಟು 70 ಗ್ರೇ ಬೇಕಾದರೆ ಒಂದೇ ದಿನ ಕೊಡದೆ 2ರಂತೆ 35 ಸಲ, ವಾರಕ್ಕೆ ಐದು ದಿನ, ಏಳು ವಾರ ಕೊಡುವುದು ರೂಢಿ. ಕಾರಣ, ಎರಡು ಸರದಿಯ ನಡುವೆ ಒಳ್ಳೆಯ ಕೋಶ ಚೆನ್ನಾಗಿ ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅಷ್ಟು ಸಾಧ್ಯವಾಗುವುದಿಲ್ಲ. ಹಳ್ಳಿಯಿಂದ ಆಸ್ಪತ್ರೆಗೆ ಓಡಾಡುವವರು, ಕಿದ್ವಾಯಿ ಆಸ್ಪತ್ರೆಗೆಂದು ಬೆಂಗಳೂರಲ್ಲಿ ರೂಮು ಹಿಡಿದವರು ‘ಸ್ವಲ್ಪ ಗುಣ ಆಗಿದೆ, ಹಬ್ಬ ಮುಗಿಸಿ ಬರೋಣ’ ಎಂದು ನಡುವೆ ಬಿಡುವುದುಂಟು. ಹಾಗೆ ಬಿಟ್ಟರೆ ಗಡ್ಡೆಯ ಕೋಶಗಳಿಗೆ ಮತ್ತೆ ಬೆಳೆಯಲು ಸಮಯ ಸಿಕ್ಕಿದಂತೆ. ಡಾಕ್ಟರು ಹೇಳದೆ ಒಂದು ಸರದಿಯನ್ನೂ ತಪ್ಪಿಸಬೇಡಿ.

● ಕೊನೆಯದು, ಈಗಲೇ ಮಾಡಿ ನೋಡುವಂಥದ್ದು. ನಿಮ್ಮ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಯದಿದ್ದರೆ, ಸಾರಿನ ಖಾರಕ್ಕೆ ಬಾಯಿ ಉರಿಯುತ್ತಿದ್ದರೆ, ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ ಅಡಿಕೆ ಜಗಿಯುವುದನ್ನು ಇವತ್ತೇ ನಿಲ್ಲಿಸಿ, ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೋ ದಾವಣಗೆರೆಯ ಯಾವುದಾದರೂ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ ತೋರಿಸಿ. ನೋವಿಲ್ಲ ಎಂದು ಕಾಯಬೇಡಿ, ಮೊದಮೊದಲು ನೋವಿರುವುದಿಲ್ಲ.